ಎಣ್ಣೆ ನೀರು ಹಾಕೋ ಕಾಲು

ಲಕ್ವ ಹೊಡೆದ ಮೇಲೆ ನನ್ನ ಬಲಗಾಲು ಮರದ ಕೊರಡಿನಂಗಾಗಿತ್ತು. ಹಾಸನದ ಆಸ್ಪತ್ರೆಯಲ್ಲಿ ವ್ಯಾಯಾಮದ ಜೊತೆಗೆ ಸೂಜಿ ಚಿಕಿತ್ಸೆಯೂ ನಡೀತಿತ್ತು. "ಚುಚ್ಚೋದು ಕಾಲಿಗೆ, ಎಬ್ಬಿಸೋಕೆ ನೋಡ್ತಿರೋದು ಮೆದುಳನ್ನ ಕಣಜ್ಜಿ," ಅಂದಿದ್ರು ಡಾಕ್ಟ್ರಮ್ಮ. ನನಗೋ ಚುಚ್ಚಿದ್ದೇ ಗೊತ್ತಾಗ್ತಿರಲಿಲ್ಲ.

ಅಷ್ಟರಲ್ಲಿ ಮಗಳಿಗೆ ಹೆರಿಗೆಯಾಯ್ತು. ಮೊಮ್ಮಗನಿಗೆ ನಾನೇ ಎಣ್ಣೆ ನೀರು ಹಾಕಬೇಕು ಅನ್ನೋ ಆಸೆ. ಆದರೆ ನೀರಿನ ಬಿಸಿಯೇ ತಿಳಿಯದ ಕಾಲ ಮೇಲೆ ಕೂಸನ್ನ ಮಲಗಿಸಿಕೊಳ್ಳೋದು ಹೆಂಗೆ?

ಮೊನ್ನೆ ಬರೀ ಎಣ್ಣೆ ಹಚ್ಚಲಿ ಅಂತ ಮಗಳು ಅವನನ್ನ ನನ್ನ ಚಾಚಿದ ಕಾಲ ಮೇಲೆ ಮಲಗಿಸಿದ್ಲು. ಬೆಚ್ಚಗೆ ಏನೋ ಹರೀತು.

"ಉಚ್ಚೆ ಉಯ್ದ್ಬುಟ್ಟ ಕಣೇ, ಬಿಸಿ ಐತೆ!"

ಬಟ್ಟೆ ತರೋಕೆ ಹೊರಟ ಮಗಳು ಅಲ್ಲೇ ನಿಂತಳು. "ಅವ್ವಾ, ಯಾವ ಕಾಲಿಗೆ?"

"ಬಲಗಾಲಿಗೇ ಕಣವ್ವ! ಒರೆಸಬ್ಯಾಡ ಇರು, ಇನ್ನೊಂಚೂರು ಉಯ್ಲಿ!"