ನೇರಳೆ ನೀರು ಮತ್ತು ಹರಕೆಯ ಹುಂಜ

ಇವತ್ತು ಬೆಳಿಗ್ಗೆ ಹೆಬ್ಬಾಳದ ಸಿಗ್ನಲ್ಲಿನಲ್ಲಿ ಕೋಳಿ ತುಂಬಿದ ಗಾಡಿಯೊಂದು ನನ್ನ ಸ್ಕೂಟರಿನ ಪಕ್ಕಕ್ಕೆ ಬಂದು ನಿಂತಿತು. ಹಸಿರು ದೀಪ ಬೀಳುವಷ್ಟರಲ್ಲಿ ಒಂದು ಬಿಳಿ ಪುಕ್ಕ ಹಾರಿಬಂದು ನನ್ನ ತೋಳಿಗೆ ಅಂಟಿಕೊಂಡಿತು. ನೀವಾಗಿದ್ದರೆ ಕೊಡವಿ ಮುಂದೆ ಹೋಗುತ್ತಿದ್ದಿರಿ. ನನಗೆ ಎದೆ ಧಸಕ್ಕೆಂದಿತು. ನಾನು ಹೊರಟಿದ್ದದ್ದು ಚಿಕ್ಕಜಾಲದ ಬಳಿ ದೊಡ್ಡಮ್ಮ ನಡೆಸುವ ಕೋಳಿ ಫಾರಮ್ಮಿಗೆ, ಕಾಯಿಲೆಯಿಂದ ಈಗಷ್ಟೇ ಎದ್ದು ಕೂತಿರುವ ಅವಳ ಅತ್ತೆಯನ್ನು ನೋಡಲು. ಆ ಮನೆಗೆ ಹೂವು ಹಣ್ಣಿಲ್ಲದೆ ಹೋಗಬಹುದು, ಪುಕ್ಕ ಅಂಟಿಸಿಕೊಂಡು ಹೋಗುವ ಹಾಗಿಲ್ಲ.

ಯಲಹಂಕದಲ್ಲಿ ಮೊದಲ ಕೆಲಸ ಸಿಕ್ಕಾಗ ನಾನು ದೊಡ್ಡಮ್ಮನ ಜೊತೆಯೇ ಇದ್ದೆ. ಮನೆ, ಶೆಡ್ಡು ಎಲ್ಲ ಒಂದೇ ಬೇಲಿಯೊಳಗೆ. ಗೇಟಿನ ಹೊರಗೊಂದು ಪಂಪ್ ಮನೆ. ಸಂಜೆ ಆಫೀಸಿನಿಂದ ಬಂದರೆ ಅಲ್ಲಿ ಸ್ನಾನ ಮಾಡಿ, ಬಟ್ಟೆ ಬದಲಿಸಿ, ಗೇಟಿನ ತೊಟ್ಟಿಯಲ್ಲಿದ್ದ ನೇರಳೆ ಬಣ್ಣದ ಔಷಧಿ ನೀರಿನಲ್ಲಿ ಕಾಲು ಅದ್ದಿದ ಮೇಲೇ ಒಳಗೆ ಪ್ರವೇಶ. ಆ ನೀರಿಗೆ ನನ್ನ ಹಿಮ್ಮಡಿ ಕಂದು ಹಿಡಿದದ್ದು ನೋಡಿ ಚರ್ಮದ ಕಾಯಿಲೆಯೆಂದು ಮರುಗಿ ಮುಲಾಮು ತಂದುಕೊಟ್ಟ ಗೆಳತಿಯೂ ಇದ್ದಳು. ಮದುವೆಗೆ ಕರೆಯಲು ಬಂದವರಿಗೂ ಗೇಟಿನ ಮೇಲಿಂದಲೇ ಅರಿಶಿನ ಕುಂಕುಮ.

"ಮಾರಮ್ಮನ ದರ್ಶನ ಸಿಗುತ್ತೆ, ನಿಮ್ ಕೋಳಿ ದರ್ಶನ ಸಿಗಲ್ಲ ಕಣ್ರೀ," ಎಂದು ನೆಂಟರು ಕಾಲೆಳೆಯುತ್ತಿದ್ದರು.

ದೊಡ್ಡಮ್ಮ ನಗುತ್ತಿರಲಿಲ್ಲ. ತಮ್ಮನ ಮನೆಯಲ್ಲಿ ನಾಟಿ ಕೋಳಿ ಇವೆಯೆಂದು ತವರಿಗೇ ಹೋಗುವುದು ಬಿಟ್ಟವಳು ಅವಳು. "ಒಂದಕ್ಕೆ ರೋಗ ಬಂದ್ರೆ ಎಲ್ಲಕ್ಕೂ ಬಂತು ಅಂತ್ಲೇ. ಆಮೇಲೆ ಗುಂಡಿ ತೋಡೋದೊಂದೇ ಕೆಲ್ಸ," ಎನ್ನುತ್ತಿದ್ದಳು. ಗಂಡ ಹೋದ ಮೇಲೆ ಆ ಕೋಳಿಗಳೇ ಮನೆ ನಡೆಸುತ್ತಿದ್ದವು.

ಆ ಬೇಸಿಗೆಯಲ್ಲಿ ಎಲ್ಲೋ ದೂರದ ಫಾರಮ್ಮಿನಲ್ಲಿ ಕೋಳಿಜ್ವರವೆಂದು ಸುದ್ದಿ ಬಂತು. ದೊಡ್ಡಮ್ಮ ಮೊಟ್ಟೆಯ ಟ್ರೇಗಳನ್ನೂ ಬಿಡದೆ ತೊಳೆಸತೊಡಗಿದಳು. ಅವಳ ಅತ್ತೆ, ಅಂದರೆ ನಮ್ಮೆಲ್ಲರ ಅಜ್ಜಿ, ತನಗೆ ತಿಳಿದ ದಾರಿ ಹಿಡಿದಳು. ಹುಂಜವೊಂದನ್ನು ಶೆಡ್ಡುಗಳಿಗೆ ನಿವಾಳಿಸಿ ಮಾರಮ್ಮನಿಗೆ ಒಪ್ಪಿಸಿದರೆ ಪೀಡೆ ಅದರ ಹಿಂದೆಯೇ ಹೋಗುತ್ತದೆ ಎಂಬುದು ಅವಳ ನಂಬಿಕೆ. ಯಾರಿಗೂ ಹೇಳದೆ ಸಂತೆಗೆ ಹೋಗಿ, ಹತ್ತೂರಿನ ಕೋಳಿಗಳು ಒಂದೇ ಬುಟ್ಟಿಯಲ್ಲಿ ಕೂತಿರುವಲ್ಲಿಂದ ಕೆಂಪು ಹುಂಜವನ್ನು ಆರಿಸಿ ತಂದಳು.

ನಾವು ನೋಡುವಷ್ಟರಲ್ಲಿ ಅದನ್ನು ಕಂಕುಳಲ್ಲಿಟ್ಟುಕೊಂಡು ಶೆಡ್ಡುಗಳನ್ನು ಸುತ್ತಿ ಬರುತ್ತಿದ್ದಳು. ದೊಡ್ಡಮ್ಮನ ಮುಖದಲ್ಲಿ ರಕ್ತವಿರಲಿಲ್ಲ.

"ಯಾಕಿಂಗ್ ನೋಡ್ತೀಯ?" ಎಂದಳು ಅಜ್ಜಿ. "ಕಾಲ್ ಅದ್ದೇ ಒಳಿಕ್ ಬಂದಿವ್ನಿ. ಉಂಜದ ಕಾಲೂ ಅದ್ದಿವ್ನಿ."

ನನಗೆ ನಗು ಬಂತು. ದೊಡ್ಡಮ್ಮನ ಮುಖ ನೋಡಿ ನುಂಗಿಕೊಂಡೆ. ದೊಡ್ಡಮ್ಮ ಬೈಯಲಿಲ್ಲ. ಮೆಟ್ಟಿಲ ಮೇಲೆ ಕೂತು, ಕಾಲು ಅದ್ದಿದರೆ ಪುಕ್ಕದಲ್ಲೂ ಉಸಿರಿನಲ್ಲೂ ಇರುವ ರೋಗ ಹೋಗುವುದಿಲ್ಲವೆಂದು ಮೆಲ್ಲಗೆ ವಿವರಿಸಿದಳು. ಅಜ್ಜಿ ಕೊನೆಯವರೆಗೂ ಕೇಳಿದಳು. ಆಮೇಲೆ ಹುಂಜವನ್ನೆತ್ತಿಕೊಂಡು ಪಂಪ್ ಮನೆಯ ಕಡೆ ನಡೆದಳು. "ತಂದೋಳು ನಾನು. ಇದ್ರ ಜೊತೆ ನಾನೇ ಇರ್ತೀನಿ. ನೀವ್ಯಾರೂ ಅತ್ರ ಬರ್ಬೇಡಿ."

ಅವತ್ತಿನಿಂದ ನಾವು ಪಂಪ್ ಮನೆಯೆದುರಿನ ಕಲ್ಲಿನ ಮೇಲೆ ಊಟದ ತಟ್ಟೆಯಿಟ್ಟು ಹಿಂದೆ ಸರಿಯುತ್ತಿದ್ದೆವು, ಅವಳು ಬಂದು ತೆಗೆದುಕೊಳ್ಳುತ್ತಿದ್ದಳು. ನಾವೆಲ್ಲ ಜೀವ ಕೈಯಲ್ಲಿ ಹಿಡಿದುಕೊಂಡಿದ್ದೆವು. ದೊಡ್ಡಮ್ಮ ಮುಂಜಾನೆ ಶೆಡ್ಡಿನ ಹೊರಗೆ ನಿಂತು ಕೋಳಿಗಳ ಸದ್ದು ಕೇಳುತ್ತಿದ್ದಳು. ಸದ್ದು ತುಸು ತಗ್ಗಿದರೂ ಅವಳ ಕೈ ಸೆರಗು ಹಿಂಡುತ್ತಿತ್ತು. ನಡುವೆ ಒಂದು ಕೋಳಿ ಸತ್ತಿತು. ಅದನ್ನು ಚೀಲದಲ್ಲಿ ಭದ್ರವಾಗಿ ಕಟ್ಟಿ ಪರೀಕ್ಷೆಗೆ ಕಳಿಸಿದ್ದಾಯಿತು. ಕೊನೆಗೊಂದು ದಿನ ಫೋನಿನಲ್ಲಿ ಉತ್ತರ ಬಂತು. ಜ್ವರವಲ್ಲ, ಹೊಟ್ಟೆಯಲ್ಲೇ ಮೊಟ್ಟೆ ಸಿಕ್ಕಿಕೊಂಡು ಸತ್ತದ್ದಂತೆ. ದೊಡ್ಡಮ್ಮ ಫೋನಿಟ್ಟು ಬಿಕ್ಕಿ ಬಿಕ್ಕಿ ಅತ್ತಳು.

ವಾರಗಳು ಕಳೆದರೂ ಹುಂಜಕ್ಕೂ ಏನೂ ಆಗಲಿಲ್ಲ, ಅಜ್ಜಿ ಒಳಗೆ ಬಂದಳು. ಹುಂಜವನ್ನು ಮಾರಮ್ಮನ ಗುಡಿಗೆ ಒಯ್ದವಳು ದೊಡ್ಡಮ್ಮನೇ. ನಾನು ಹುಬ್ಬೇರಿಸಿದ್ದಕ್ಕೆ, "ಹರಕೆ ಬಿಡೋವಷ್ಟು ಧೈರ್ಯ ನಂಗೂ ಇಲ್ಲ ಕಣೇ," ಎಂದಳು.

ಇವತ್ತು ಚಿಕ್ಕಜಾಲ ತಲುಪಿ ಫೋನ್ ಮಾಡಿದೆ. "ಪುಕ್ಕ ಅಂಟಿತ್ತು ದೊಡ್ಡಮ್ಮ. ಟಿವಿಲಿ ಬೇರೆ ಮತ್ತೆ ಕೋಳಿಜ್ವರ ಅಂತಿದಾರೆ. ಪಂಪ್ ಮನೇಲಿ ಸ್ನಾನ ಮಾಡಿದ್ರೂ ನಂಗೆ ಸಮಾಧಾನ ಇಲ್ಲ. ಗೇಟಿಂದ್ಲೇ ನೋಡ್ಕೊಂಡ್ ಹೋಗ್ತೀನಿ." ದೊಡ್ಡಮ್ಮ ಬಲವಂತ ಮಾಡಲಿಲ್ಲ. "ಅಜ್ಜಿಗೆ ಹೇಳ್ತೀನಿ," ಎಂದಳು.

ನಾನು ಹೋದಾಗ ಅಜ್ಜಿ ಗೇಟಿನ ಹೊರಗೆ, ಹೊಂಗೆ ಮರದಡಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದಳು. ಕಡ್ಡಿಯಾಗಿದ್ದಳು. ನಾನು ದೂರದಲ್ಲೇ ನಿಂತೆ.

"ಮುಟ್ಬೇಡ ಅಜ್ಜಿ. ಆಮೇಲೆ ನೀನು ಒಳಗೆ ಹೋಗೋ ಹಾಗಿಲ್ಲ."

"ಗೊತ್ತು. ಅದ್ಕೇ ಆಚಿಕ್ ಬಂದಿವ್ನಿ," ಎಂದು ಎದ್ದು ಬಂದು ನನ್ನನ್ನು ಗಟ್ಟಿಯಾಗಿ ತಬ್ಬಿಕೊಂಡಳು.

ಅವಳ ಭುಜದ ಮೇಲಿಂದ ನೋಡಿದೆ. ದೊಡ್ಡಮ್ಮ ಪಂಪ್ ಮನೆಯ ಬಾಗಿಲು ತೆರೆದು, ಕಸ ಗುಡಿಸಿ, ಅಜ್ಜಿಗೆ ಚಾಪೆ ಹಾಸುತ್ತಿದ್ದಳು.