ನನಗಿಂತ ಮೊದಲು ಹುಟ್ಟಿದವನು

ಅಪ್ಪ ತೀರಿಕೊಂಡ ಮೇಲೆ ಅವರ ಹೆಸರಿನಲ್ಲಿದ್ದ ಜಮೀನನ್ನು ಅವ್ವನ ಹೆಸರಿಗೆ ಮಾಡಿಸಬೇಕಾಗಿತ್ತು. ದೊಡ್ಡ ಆಸ್ತಿಯೇನಲ್ಲ. ಕೊರವಂಗಲದ ಪಕ್ಕದ ನಮ್ಮೂರಿನಲ್ಲಿ ಒಂದು ಹೊಲ, ಕೆರೆಯ ಕೆಳಗೆ ಸ್ವಲ್ಪ ಗದ್ದೆ. ಖಾತೆ ಬದಲಾಗಬೇಕಾದರೆ ಮೊದಲು ವಂಶವೃಕ್ಷ ತನ್ನಿ ಎಂದರು. ಯಾರಿಗೆ ಯಾರು ಹುಟ್ಟಿದರು, ಯಾರಿದ್ದಾರೆ, ಯಾರಿಲ್ಲ ಎಂದು ಸರ್ಕಾರ ಬರೆದು ಮೊಹರು ಹಾಕಿ ಕೊಡುವ ಕಾಗದ ಅದು. ನಮ್ಮದು ಚಿಕ್ಕ ಸಂಸಾರ. ಬರೆಸಬೇಕಾದವರು ಅವ್ವ, ನಾನು, ನನ್ನ ತಂಗಿ, ಅಷ್ಟೇ. ಬೇಗ ಮುಗಿಯುವ ಕೆಲಸ ಎಂದುಕೊಂಡು ಹಾಸನದಲ್ಲಿರುವ ನನ್ನ ಪ್ರಿಂಟಿಂಗ್ ಪ್ರೆಸ್ಸಿಗೆ ಬೆಳಗಿನ ಹೊತ್ತು ಮಾತ್ರ ಬೀಗ ಹಾಕಿ ಊರಿಗೆ ಹೋಗಿದ್ದೆ.

ಗ್ರಾಮ ಲೆಕ್ಕಿಗರು ಮಹಜರಿಗೆ ಮನೆಗೇ ಬಂದರು. ಇನ್ನೂ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಅಕ್ಕಪಕ್ಕದ ಮನೆಯವರು ಸಾಕ್ಷಿ ಹಾಕಲು ಬಂದು ಕೂತಿದ್ದರು. ಆಕೆ ಪೆನ್ನು ತೆಗೆದು ಅವ್ವನನ್ನು ಕೇಳಿದರು.

"ಎಷ್ಟು ಜನ ಮಕ್ಕಳಮ್ಮ ನಿಮಗೆ?"

"ಮೂರು ಕಣವ್ವ" ಎಂದಳು ಅವ್ವ.

ವಯಸ್ಸಾಯಿತು, ತಡವರಿಸುತ್ತಿದ್ದಾಳೆ ಎಂದುಕೊಂಡೆ. ತಂಗಿ ಅವ್ವನ ತೋಳು ಮುಟ್ಟಿ, "ಎರಡು ಕಣವ್ವ, ನಾನೂ ಅಣ್ಣನೂ" ಎಂದಳು. ಅವ್ವ ಅವಳ ಕಡೆ ನೋಡಲಿಲ್ಲ.

"ನಿಮಗಿಂತ ಮುಂಚೆ ಒಬ್ಬ ಇದ್ದ. ಗೋಡೆ ಹಿಡ್ಕಂಡು ನಡೆಯೋನು. ಅವನ್ನೂ ಬರ್ಕಳವ್ವ."

ಜಗಲಿಯಲ್ಲಿ ಕೂತಿದ್ದವರೆಲ್ಲ ನನ್ನ ಕಡೆ ತಿರುಗಿದರು. ಹಿರಿಮಗ ಎಂದು ಅಪ್ಪನ ಮುಂದೆ ಮಡಕೆ ಹೊತ್ತು ನಡೆದವನು ನಾನು. ಇನ್ನೂ ತಿಥಿ ಊಟದ ಪಾತ್ರೆಗಳನ್ನು ವಾಪಸ್ಸು ಕೊಟ್ಟಿರಲಿಲ್ಲ.

ಲೆಕ್ಕಿಗರು ಮೆಲ್ಲಗೆ ಕೇಳಿದರು, "ಹೆಸರೇನಮ್ಮ?"

ಅವ್ವ ಬೆರಳೆತ್ತಿ ನನ್ನನ್ನು ತೋರಿಸಿದಳು. "ಇವನದೇ."

ನನಗಿರುವುದು ಅಪ್ಪನ ಅಪ್ಪನ ಹೆಸರು. ಹಿರಿಯರ ಹೆಸರು ಮನೆಯಲ್ಲಿ ನಿಲ್ಲಬೇಕೆಂದು ಮೊದಲ ಗಂಡುಮಗುವಿಗೆ ಇಟ್ಟಿದ್ದರಂತೆ. ಅವನು ಹೋದ, ನಾನು ಹುಟ್ಟಿದೆ, ಅದೇ ಹೆಸರನ್ನು ನನಗಿಟ್ಟರು. ಅವ್ವ ಒಂದು ದಿನವೂ ನನ್ನನ್ನು ಹೆಸರು ಹಿಡಿದು ಕರೆದವಳಲ್ಲ. ಮಾವನ ಹೆಸರನ್ನು ಸೊಸೆ ಹೇಳಬಾರದಲ್ಲ, ಅದಕ್ಕೇ ಮಗ, ಮರಿ ಎನ್ನುತ್ತಾಳೆ ಎಂದು ತಿಳಿದುಕೊಂಡೇ ನಾನು ಬೆಳೆದಿದ್ದೆ.

ಹೊರಡುವಾಗ ಲೆಕ್ಕಿಗರು ನನ್ನನ್ನು ಪಕ್ಕಕ್ಕೆ ಕರೆದರು. "ಸಾ, ಒಂದೇ ಹೆಸರಲ್ಲಿ ಇಬ್ಬರು ಮಕ್ಕಳನ್ನ ತೋರಿಸಿದ್ರೆ ಮೇಲೆ ಕೇಳ್ತಾರೆ. ಬರೀಲೇಬೇಕು ಅಂದ್ರೆ ಹುಟ್ಟಿದ್ದಕ್ಕೆ, ಸತ್ತಿದ್ದಕ್ಕೆ ಏನಾದ್ರೂ ದಾಖಲೆ ತನ್ನಿ. ಇಲ್ಲ ಅಂದ್ರೆ ಇಬ್ಬರೇ ಅಂತ ಬರೆದು ಮುಗಿಸಿಬಿಡೋಣ. ಚಿಕ್ಕ ಮಗು ಅಲ್ವಾ, ಯಾರೂ ತಕರಾರು ಮಾಡಲ್ಲ."

ಅವರು ಹೇಳಿದ್ದು ನ್ಯಾಯವಾಗಿಯೇ ಇತ್ತು. ತಂಗಿಗೂ ಅದೇ ಸರಿ ಅನ್ನಿಸಿತು. "ಸತ್ತೋದ ಕೂಸಿಗೆ ಜಮೀನು ಕೊಡ್ತೀವಾ ಅಣ್ಣ? ಯಾಕೆ ಬೇಕು?" ಎಂದಳು. ಆದರೆ ಇಬ್ಬರೇ ಮಕ್ಕಳು ಎಂದು ಟೈಪು ಮಾಡಿಸಿದ ಪ್ರಮಾಣಪತ್ರವನ್ನು ನಾನು ಮುಂದಿಟ್ಟಾಗ ಅವ್ವ ಅದನ್ನು ಮುಟ್ಟಲಿಲ್ಲ. ಎದ್ದು ಒಳಗೆ ಹೋಗಿ ಒಲೆ ಮುಂದೆ ಕೂತಳು.

ಹೀಗಾಗಿ, ಸತ್ತವನೊಬ್ಬ ಸತ್ತಿದ್ದಾನೆ ಎಂದು ಬರೆಸಲು, ಅವನು ಹುಟ್ಟಿದ್ದನೆಂದು ತೋರಿಸುವ ಕೆಲಸ ನನ್ನ ಪಾಲಿಗೆ ಬಂತು.

ಹುಟ್ಟಿದ್ದು ಹೊಳೆನರಸೀಪುರದ ಸರ್ಕಾರಿ ಆಸ್ಪತ್ರೆಯಲ್ಲಿ ಎಂದು ಅವ್ವ ಹೇಳಿದ್ದಳು. ಆಗ ಅಪ್ಪ ಅರಕಲಗೂಡು ಕಡೆ ಕರೆಂಟಿನ ಲೈನ್‌ಮನ್ ಆಗಿದ್ದರು. ಹೊಳೆನರಸೀಪುರದ ಪುರಸಭೆಯಲ್ಲಿ ಅರ್ಜಿ ಕೊಟ್ಟೆ. ಇಸವಿ ಸರಿಯಾಗಿ ಗೊತ್ತಿರಲಿಲ್ಲ. ನಾನು ಹುಟ್ಟಿದ್ದಕ್ಕಿಂತ ಮುಂಚಿನ ಒಂದಷ್ಟು ವರ್ಷಗಳನ್ನು ನೋಡಬೇಕೆಂದು ಕೇಳಿಕೊಂಡೆ. ಗುಮಾಸ್ತರು, "ಇವತ್ತಾಗಲ್ಲ, ಮುಂದಿನ ವಾರ ಬನ್ನಿ" ಎಂದರು. ಮುಂದಿನ ವಾರ ಹೋದಾಗ ಕಂಪ್ಯೂಟರಿಗೆ ಏರಿಸದ ಹಳೆಯ ಪುಸ್ತಕಗಳನ್ನು ಬೀರುವಿನಿಂದ ಇಳಿಸಿ ನನ್ನೆದುರೇ ತಿರುವಿದರು. ಹಾಳೆಗಳ ಅಂಚು ಪುಡಿಯಾಗಿ ಅವರ ಅಂಗಿಯ ತೋಳಿಗೆ ಮೆತ್ತಿಕೊಳ್ಳುತ್ತಿತ್ತು. ಅಪ್ಪನ ಹೆಸರು ಕಂಡಾಗ ಅವರಿಗಿಂತ ಮೊದಲು ನಾನೇ ಬೆರಳಿಟ್ಟೆ. ಅಪ್ಪನ ಹೆಸರು, ಅವ್ವನ ಹೆಸರು, ಗಂಡು. ಮಗುವಿನ ಹೆಸರಿನ ಜಾಗ ಖಾಲಿ.

"ಆಗೆಲ್ಲ ಅಂಗೇ ಸಾ. ಹೆಸರಿಡೋಕೆ ಮುಂಚೆ ಬರ್ಸೋರು, ಆಮೇಲೆ ಯಾರೂ ಬತ್ತಿರಲಿಲ್ಲ" ಎಂದರು ಗುಮಾಸ್ತರು. ಆಮೇಲೆ ನನ್ನ ಆಧಾರ್ ಕಾರ್ಡಿನಲ್ಲಿದ್ದ ಹುಟ್ಟಿದ ದಿನಾಂಕ ನೋಡಿ, "ಇದು ನಿಮ್ದಲ್ವಾ?" ಎಂದರು.

"ಅಲ್ಲ. ನಮ್ಮಣ್ಣ" ಎಂದೆ. ಆ ಮಾತನ್ನು ಜೀವನದಲ್ಲಿ ಮೊದಲ ಸಲ ಬಾಯಿಬಿಟ್ಟು ಹೇಳಿದ್ದು ಪುರಸಭೆಯ ಕೌಂಟರಿನ ಮುಂದೆ. ಹೊರಗೆ ಬಂದು ಒಂದು ಟೀ ತಗೊಂಡೆ.

ಹುಟ್ಟು ಸಿಕ್ಕಿತು, ಸಾವು ಸಿಗಲಿಲ್ಲ. ಅವನು ಹೋದದ್ದು ಅಪ್ಪ ಕೆಲಸದಲ್ಲಿದ್ದ ಊರಲ್ಲೇ ಇರಬೇಕು ಎಂದುಕೊಂಡು ಅರಕಲಗೂಡಿನ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಆ ಕಾಲದ ಮರಣದ ಪುಸ್ತಕಗಳನ್ನು ಹುಡುಕಿಸಿದೆ. ಅಲ್ಲಿ ಎಷ್ಟೊಂದು ಮಕ್ಕಳಿದ್ದರು. ಜ್ವರ, ಭೇದಿ, ದಡಾರ ಎಂದು ಒಂದರ ಕೆಳಗೊಂದು. ನಮ್ಮವನು ಅಲ್ಲಿರಲಿಲ್ಲ. ದಾಖಲೆ ಲಭ್ಯವಿಲ್ಲ ಎಂದು ಬರೆದ ಒಂದು ಹಾಳೆ ಕೊಟ್ಟು ಕಳಿಸಿದರು. ಬಸ್ಸಿನಲ್ಲಿ ಬರುವಾಗ ಆ ಹಾಳೆಯನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು, ಅವ್ವ ಕಲ್ಪಿಸಿಕೊಂಡು ಹೇಳುತ್ತಿರಬಹುದೇ ಎಂದು ಒಂದು ಗಳಿಗೆ ಅನುಮಾನಿಸಿದ್ದೂ ಉಂಟು. ಆದರೆ ಹೊಳೆನರಸೀಪುರದಲ್ಲಿ ಕೊಟ್ಟ ಜನನ ಪತ್ರ ನನ್ನ ಚೀಲದಲ್ಲಿತ್ತು.

ಮಧ್ಯಾಹ್ನ ಮನೆಗೆ ಬಂದಾಗ ಅವ್ವ ಅವರೆಕಾಯಿ ಸುಲಿಯುತ್ತಿದ್ದಳು. ಎದುರಿಗೆ ಕೂತು ನಾನೂ ಒಂದು ಹಿಡಿ ತೆಗೆದುಕೊಂಡೆ.

"ಅರಕಲಗೂಡಲ್ಲಿ ಇಲ್ಲ ಅಂದ್ರು ಕಣವ್ವ."

"ಅಲ್ಲಿ ಎಂಗೆ ಸಿಕ್ಕಾತು? ಅವ್ನು ಅರಕಲಗೂಡಲ್ಲಿ ಸಾಯ್ನಿಲ್ಲ."

"ಮತ್ತೆ ಎಲ್ಲಿ?"

ಅವ್ವ ಕಾಯಿ ಸುಲಿಯುವುದನ್ನು ನಿಲ್ಲಿಸಲಿಲ್ಲ.

"ಜ್ವರ ಬಂದಿತ್ತು. ಡಾಕ್ಟ್ರು ಒಳೆನರಸೀಪುರಕ್ಕೆ ಕರ್ಕಂಡೋಗಿ ಅಂದ್ರು. ನಿಮ್ಮಪ್ಪ ಗಾಳಿಮಳೆಗೆ ಕಂಬ ಬಿದ್ದವೆ ಅಂತ ಲೈನಿಗೆ ಓಗಿದ್ರು. ಯಾರಿಗೆ ಅಂತ ಕಾಯ್ಲಿ? ಒಬ್ಳೇ ಬಸ್ಸು ಹತ್ತಿದೆ. ದಾರೀಲಿ ಎದೆಗೆ ಆಕ್ಕಂಡೆ, ಬಾಯಿ ತೆಗೀನಿಲ್ಲ. ನಿದ್ದೆ ಮಾಡ್ತಾವ್ನೆ ಅನ್ಕಂಡೆ. ಒಳೆನರಸೀಪುರದಲ್ಲಿ ಇಳ್ದು ನೋಡಿದ್ರೆ ತಣ್ಣಗಾಗಿದ್ದ."

"ಆಸ್ಪತ್ರೆಗೆ ಓಗ್ನಿಲ್ವಾ?"

"ಓಗಿ ಏನ್ ಮಾಡ್ಲಿ ಮಗ? ಕೊಯ್ದು ನೋಡ್ತಾರೆ ಅಂತ ಯಾರೋ ಅಂದಿದ್ದು ತಲೇಲಿತ್ತು. ಎದುರಿಗೆ ಚನ್ರಾಯಪಟ್ನದ ಬಸ್ಸು ನಿಂತಿತ್ತು. ನಮ್ಮವ್ವನ ತಾವ ಓಗಬೇಕು ಅನ್ನುಸ್ತು. ಹತ್ತಿ ಕೂತೆ. ಗೊತ್ತಾದ್ರೆ ಇಳಿಸ್ಬುಡ್ತಾರೆ ಅಂತ ಅಳ್ನಿಲ್ಲ. ಹೊಳೆ ದಾಟೋವಾಗ ಗಾಳಿ ಬತ್ತಿತ್ತು, ಸೆರಗು ಹೊದ್ದಿಸಿದೆ. ಪಕ್ಕದಲ್ಲಿ ಕೂತಿದ್ದ ಹೆಂಗಸು, ಎಷ್ಟು ಚೆಂದಾಗಿ ಮಲಗವ್ನೆ, ಒಂದು ಚೂರು ಗಲಾಟೆ ಇಲ್ಲ ಅಂದ್ಳು. ಊ ಕಣವ್ವ ಅಂದೆ."

ಅವರೆಕಾಳು ನನ್ನ ಕೈಯಿಂದ ನೆಲಕ್ಕೆ ಚೆಲ್ಲಿತು. ಅವ್ವ ಒಂದೊಂದನ್ನೇ ಆಯ್ದು ಮೊರಕ್ಕೆ ಹಾಕಿದಳು. ಆಮೇಲೆ ಅಷ್ಟೇ ಸಣ್ಣ ದನಿಯಲ್ಲಿ ಹೇಳಿದಳು, ದಂಡಿಗನಹಳ್ಳಿಯ ತವರುಮನೆ ಅಂಗಳದಲ್ಲಿ ತನ್ನ ಅವ್ವನ ಮಡಿಲಿಗೆ ಅವನನ್ನು ಹಾಕಿದ ಮೇಲೆಯೇ ತಾನು ಅತ್ತಿದ್ದು ಎಂದು. ತಾತ ಹೊಲದಲ್ಲಿ ಮಣ್ಣು ಮಾಡಿ ಬಂದರಂತೆ. ಹೆಂಗಸರು ಮಣ್ಣಿಗೆ ಹೋಗುವ ಪದ್ಧತಿ ಇರಲಿಲ್ಲ. ಜಾಗ ಎಲ್ಲಿ ಎಂದು ಅವ್ವನಿಗೆ ಯಾರೂ ತೋರಿಸಲಿಲ್ಲ. ಮಾರನೆಯ ದಿನ ಅಪ್ಪ ಬಂದರು. ಊರಿಗೆ ವಾಪಸ್ಸು ಹೊರಟಾಗ, "ಇನ್ನು ಅವನ ಮಾತು ಎತ್ತಬೇಡ, ತಡಕೊಳ್ಳೋಕಾಗಲ್ಲ" ಎಂದರಂತೆ. ಅವ್ವ ಎತ್ತಲಿಲ್ಲ. ಅಪ್ಪ ಇರುವವರೆಗೂ ಎತ್ತಲಿಲ್ಲ.

ಚನ್ನರಾಯಪಟ್ಟಣದ ತಾಲ್ಲೂಕು ಕಚೇರಿಯಲ್ಲೂ ವಿಚಾರಿಸಿದೆ. ತಾತ ಯಾರಿಗೂ ತಿಳಿಸಿ ಬರೆಸಿರಲಿಲ್ಲ, ಇರುವುದಾದರೂ ಹೇಗೆ? ಅಲ್ಲಿಯ ವಕೀಲರೊಬ್ಬರು ಒಂದು ದಾರಿ ಹೇಳಿದರು. ಕೋರ್ಟಿಗೆ ಅರ್ಜಿ ಹಾಕಿ ಮರಣ ನೋಂದಾಯಿಸಬಹುದು, ಆದರೆ ಬಸ್ಸಿನಲ್ಲಿ ಎಂದರೆ ಯಾವ ಊರಿಗೆ ಸೇರುತ್ತದೆ ಎಂಬ ಪ್ರಶ್ನೆ ಬರುತ್ತದೆ, ದಂಡಿಗನಹಳ್ಳಿಯ ಮನೆಯಲ್ಲೇ ತೀರಿಕೊಂಡ ಅಂತ ನಿಮ್ಮ ತಾಯಿ ಹೇಳಿದರೆ ಸಲೀಸು ಎಂದರು. ಅದನ್ನು ಅವ್ವನಿಗೆ ಹೇಳಿದೆ.

"ನಮ್ಮವ್ವನ ಮನೆಗಂಟ ಜೀವ ಇಟ್ಕಂಡು ಬಂದಿದ್ರೆ ಅವಳು ಅವನು ಕಣ್ಣು ಬಿಟ್ಟ ಮೋರೆಯಾದ್ರೂ ನೋಡ್ತಿದ್ದಳು. ಅವಳಿಗೆ ಅದೂ ಸಿಗ್ನಿಲ್ಲ. ನಾನು ಸುಳ್ಳು ಏಳಾಕಿಲ್ಲ ಕಣಪ್ಪ" ಎಂದಳು. ಕೋರ್ಟಿನ ಮಾತು ಅಲ್ಲಿಗೆ ನಿಂತಿತು.

ಉಳಿದಿದ್ದ ಸಾಕ್ಷಿ ಅವ್ವನ ತಮ್ಮ, ನನ್ನ ಸೋದರಮಾವ. ತಾತನ ಜೊತೆ ಹೊಲಕ್ಕೆ ಹೋಗಿ ಗುಂಡಿ ತೋಡಿದವರು ಅವರೇ. ಅವರ ಹೇಳಿಕೆ ಬರೆಸಿಕೊಂಡು ಬರಲು ಹೊರಟಾಗ ಅವ್ವ, "ನಾನೂ ಬತ್ತೀನಿ" ಎಂದಳು. ದಂಡಿಗನಹಳ್ಳಿಯಲ್ಲಿ ಕಾಫಿ ಕುಡಿದು ಮೂವರೂ ಹೊಲಕ್ಕೆ ಹೋದೆವು. ಈಗ ಅದು ತೆಂಗಿನ ತೋಟ. ಕೆಲವು ವರ್ಷಗಳ ಹಿಂದೆ ಜೆಸಿಬಿ ತರಿಸಿ ಹಳೆಯ ಬದು, ಬೇಲಿ ಎಲ್ಲ ಕಿತ್ತು ಮಟ್ಟ ಮಾಡಿಸಿದ್ದರು. ಸಾಲಿನಲ್ಲಿ ನಿಂತ ಮರಗಳು, ಬುಡಬುಡಕ್ಕೂ ಹನಿ ನೀರಿನ ಪೈಪು.

ಮಾವ ಅತ್ತ ಇತ್ತ ನಡೆದು ನಿಂತರು. "ಈ ಕಡೆ ಒಂದು ಹೊಂಗೆ ಮರ ಇತ್ತು ಕಣಕ್ಕ. ಅದರ ಬುಡದಲ್ಲಿ. ಈಗ ಮರಾನೇ ಇಲ್ಲ. ಇಲ್ಲೆಲ್ಲೋ ಇರ್ಬೇಕು."

ಅವ್ವ ಅವರು ತೋರಿಸಿದ ಕಡೆ ನೋಡಿದಳು. ಎಲ್ಲ ಕಡೆಯೂ ಒಂದೇ ತರಹದ ಮಣ್ಣು.

ಆಗ ಮಾವ ಹೇಳಿದರು. "ಭಾವಂಗೆ ಸರಿಯಾಗಿ ಗೊತ್ತಿತ್ತು. ವರ್ಷಾ ವರ್ಷಾ ಬರೋರು. ಮನೆಗೂ ಬತ್ತಿರಲಿಲ್ಲ. ನೆಟ್ಟಗೆ ಇಲ್ಲಿಗೆ ಬಂದು ಹೊಂಗೆ ಮರದ ಕೆಳಗೆ ಒಂದೊತ್ತು ಕೂತು ಎದ್ದೋಗೋರು. ನಾನು ಗದ್ದೆ ಕಡೆಯಿಂದ ನೋಡ್ತಿದ್ದೆ. ಅಕ್ಕನಿಗೆ ಏಳ್ಬೇಡ ಅಂದಿದ್ರು."

ನನಗೆ ನೆನಪಾಯಿತು: ಅಪ್ಪ ವರ್ಷಕ್ಕೊಮ್ಮೆ ಕೆಲಸಕ್ಕೆ ರಜೆ ಹಾಕಿ, ಚನ್ನರಾಯಪಟ್ಟಣದಲ್ಲಿ ಒಬ್ಬರನ್ನು ನೋಡಬೇಕು ಎಂದು ಒಬ್ಬರೇ ಹೋಗಿ ಬರುತ್ತಿದ್ದರು.

"ನೆಲ ಮಟ್ಟ ಮಾಡಿಸಿದ ವರ್ಷಾನೂ ಬಂದ್ರು" ಎಂದರು ಮಾವ. "ಮರ ತೆಗೆಸೋದನ್ನ ನಾನು ಮೊದ್ಲೇ ಅವರಿಗೆ ಏಳ್ಬೇಕಿತ್ತು, ತಪ್ಪಾಯ್ತು. ಸುಮ್ನೆ ನಿಂತ್ಕಂಡ್ರು. ಎಲ್ಲಾ ಒಂದೇ ಆಗೋಯ್ತಲ್ಲಪ್ಪ ಅಂದ್ರು. ಅಷ್ಟೆ. ಆಮೇಲೆ ಬರ್ನಿಲ್ಲ."

ಅವ್ವ ಒಂದು ತೆಂಗಿನ ಬುಡ ಹಿಡಿದು ನೆಲಕ್ಕೆ ಕೂತಳು. ಮಗನಿಗಾಗಿ ಅಳುತ್ತಾಳೆ ಎಂದುಕೊಂಡೆ. ಅವಳು ಅಂದಿದ್ದು ಅಪ್ಪನಿಗೆ. "ಒಂದ್ಸಲ ನನ್ನೂ ಕರ್ಕಂಡು ಬಂದಿದ್ರೆ ಏನಾಗ್ತಿತ್ತು? ಇಬ್ರೂ ಕೂತು ಅತ್ತು ಓಗ್ತಿದ್ವಲ್ಲ. ಒಂದೇ ಮನೇಲಿ ಇದ್ಕಂಡು..." ಮಾವ ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡು ದೂರ ಹೋಗಿ ನಿಂತರು. ನಾನು ಅವ್ವನ ಪಕ್ಕದಲ್ಲಿ ಕೂತೆ. ಅವಳ ಬೆನ್ನ ಮೇಲೆ ಕೈಯಿಟ್ಟಾಗ ಅದು ಎಷ್ಟು ಚಿಕ್ಕದಾಗಿದೆ ಎಂದು ಗೊತ್ತಾಯಿತು.

ಹೊಳೆನರಸೀಪುರದ ಜನನ ಪತ್ರ, ಅರಕಲಗೂಡು ಮತ್ತು ಚನ್ನರಾಯಪಟ್ಟಣದಲ್ಲಿ ಕೊಟ್ಟ ಲಭ್ಯವಿಲ್ಲ ಎಂಬ ಹಾಳೆಗಳು, ಮಾವನ ಹೇಳಿಕೆ, ಎಲ್ಲವನ್ನೂ ಲೆಕ್ಕಿಗರ ಮುಂದಿಟ್ಟೆ. ಅವರು ಮೇಲಿನವರನ್ನು ಕೇಳಿ ಬರುತ್ತೇನೆ ಎಂದರು. ಒಂದಷ್ಟು ದಿನ ಓಡಾಟವಾಯಿತು. ಕೊನೆಗೆ ಅವರೇ ಫೋನ್ ಮಾಡಿ ಅವ್ವನನ್ನು ಕರೆದುಕೊಂಡು ಬನ್ನಿ ಎಂದರು. ಹೊಸದಾಗಿ ಬರೆದ ವಂಶವೃಕ್ಷದಲ್ಲಿ ಅಪ್ಪನ ಹೆಸರಿನಿಂದ ಮೂರು ಗೆರೆಗಳು ಇಳಿದಿದ್ದವು. ಮೊದಲ ಗೆರೆಯ ಕೆಳಗೆ 'ಹೆಸರಿಡದ ಗಂಡು ಮಗು, ಮೃತ' ಎಂದಿತ್ತು. ಜನನ ಪತ್ರದಲ್ಲಿ ಹೆಸರಿಲ್ಲದ್ದರಿಂದ ಬೇರೆ ರೀತಿ ಬರೆಯುವ ಹಾಗಿಲ್ಲ ಎಂದರು.

ಅವ್ವನಿಗೆ ಸಹಿ ಮಾಡಲು ಮಾತ್ರ ಬರುತ್ತದೆ, ಓದಲು ಬರುವುದಿಲ್ಲ. ನಾನು ಓದಿ ಹೇಳಿದೆ.

"ಇಟ್ಟಿದ್ವಲ್ಲ" ಎಂದಳು.

"ಕಾಗದದಲ್ಲಿ ಇಲ್ಲವಲ್ಲಮ್ಮ" ಎಂದರು ಲೆಕ್ಕಿಗರು. ಅವರ ದನಿಯೂ ತಗ್ಗಿತ್ತು.

ಅವ್ವ ಆ ಗೆರೆಯ ಮೇಲೆ ಬೆರಳಿಟ್ಟಳು. "ಓಗ್ಲಿ ಬುಡವ್ವ. ನೀನು ಇಷ್ಟು ಮಾಡಿದ್ದೇ ದೊಡ್ದು" ಎಂದು, ನಿಧಾನವಾಗಿ, ಅಕ್ಷರಕ್ಕೊಂದು ಸಲ ಪೆನ್ನು ಎತ್ತುತ್ತಾ ಸಹಿ ಹಾಕಿದಳು.

ಖಾತೆ ಅವ್ವನ ಹೆಸರಿಗೆ ಬಂತು. ಈಗ ಅವಳು ಅವನ ಮಾತನ್ನು ಎತ್ತುತ್ತಾಳೆ. ನನ್ನ ಹೆಂಡತಿ ಪಕ್ಕದಲ್ಲಿ ಸೊಪ್ಪು ಬಿಡಿಸುತ್ತಿರುವಾಗ, ತಂಗಿ ಬಂದಾಗ. ಅವನಿಗೆ ಬೆಲ್ಲ ಅಂದರೆ ಪ್ರಾಣ, ನಾಯಿ ಕಂಡರೆ ಅದರ ಹಿಂದೆಯೇ ತೆವಳುತ್ತಿದ್ದ, ಅಪ್ಪ ಕೆಲಸದಿಂದ ಬಂದರೆ ಸೈಕಲ್ ಸದ್ದಿಗೇ ಬಾಗಿಲಿಗೆ ಬರುತ್ತಿದ್ದ. ಅಪ್ಪನ ವಿಷಯ ಬಂದ ಕಡೆ ಮಾತ್ರ ಅವಳ ಮಾತು ನಿಂತುಬಿಡುತ್ತದೆ. ನಾವು ಕೈಯಲ್ಲಿದ್ದ ಕೆಲಸ ನಿಲ್ಲಿಸಿ ಕಾಯುತ್ತೇವೆ.