ಅತ್ತೆ ಓದಿ ಹೇಳಿದ ಯುದ್ಧ

ಚೀಟಿ ನಾನೇ ಬರೆದದ್ದು. ಯಾರ ರವಿಕೆ, ತೋಳು ಎಷ್ಟು, ಕುತ್ತಿಗೆ ಎಷ್ಟು ಆಳ. ಬಟ್ಟೆ ಹಾಸಿ, ಸೀಮೆಸುಣ್ಣ ಹಿಡಿದು, ಚೀಟಿ ನೋಡಿದೆ. ಕೈಬರಹ ನನ್ನದೇ ಎಂದು ಗೊತ್ತಾಯಿತು.

ಓದಲು ಬರಲಿಲ್ಲ.

ಕನ್ನಡಕ ಒರೆಸಿದೆ. ಗೋಡೆಯ ಕ್ಯಾಲೆಂಡರ್ ನೋಡಿದೆ. ಅಲ್ಲೂ ಬರೀ ಗೆರೆ, ಸುಳಿ. ಗಾಬರಿಯಲ್ಲಿ ಎದ್ದವಳ ಬಲ ಭುಜ ಬಾಗಿಲ ಚೌಕಟ್ಟಿಗೆ ಬಡಿಯಿತು. ಹೊನ್ನವಳ್ಳಿಯ ಈ ಮನೆಯಲ್ಲಿ ಹದಿನೆಂಟು ವರ್ಷದಿಂದ ಬಟ್ಟೆ ಹೊಲಿಯುತ್ತಿದ್ದೇನೆ. ಆ ಬಾಗಿಲು ನನಗೆ ಕಾಣದೆ ಹೋದದ್ದು ಅದೇ ಮೊದಲು.

ನನ್ನ ಗಂಡ ಸ್ಕೂಟರಿನಲ್ಲಿ ತಿಪಟೂರಿಗೆ ಕರೆದೊಯ್ದರು. ಅಲ್ಲಿಂದ ಆಂಬುಲೆನ್ಸ್‌ನಲ್ಲಿ ತುಮಕೂರು. ಎಂಆರ್‌ಐ ನೋಡಿದ ಡಾಕ್ಟರು ನಿಧಾನವಾಗಿ ಹೇಳಿದರು. "ಮೆದುಳಿನ ಹಿಂಭಾಗದಲ್ಲಿ ಸ್ಟ್ರೋಕ್ ಆಗಿದೆ. ನಿಮಗೆ ಬರೆಯೋಕೆ ಬರುತ್ತೆ, ಬರೆದದ್ದನ್ನ ಓದೋಕೆ ಬರಲ್ಲ. ಅಲೆಕ್ಸಿಯಾ ಅಂತೀವಿ. ಬಲಗಡೆ ನೋಟವೂ ಸ್ವಲ್ಪ ಹೋಗಿದೆ."

"ವಾಪಸ್ ಬರುತ್ತಾ?"

"ಸ್ವಲ್ಪ ಬರಬಹುದು. ಎಷ್ಟು ಅಂತ ಈಗಲೇ ಹೇಳೋಕಾಗಲ್ಲ."

ಹೊರಗೆ ಬಂದ ಮೇಲೆ ನನ್ನವರು ಸಮಾಧಾನದ ಉಸಿರು ಬಿಟ್ಟರು. "ಕೈಕಾಲು ಉಳೀತಲ್ಲ ಕಣೇ. ಓದೋದೇನು, ಬುಡು."

ಎರಡು ದಿನ ನಾನು ಅವರ ಜೊತೆ ಮಾತಾಡಲಿಲ್ಲ.

ಅವರಿಗೆ ಅದು ಅರ್ಥವಾಗುವುದು ಕಷ್ಟ. ಹೆಂಗಸು ಯುದ್ಧದ ಇತಿಹಾಸ ಓದುತ್ತಾಳೆ ಎನ್ನುವುದೇ ಊರಿಗೆ ನಗೆ. ಹೊಲಿಗೆಗೆ ಬಂದವರು ಮಷಿನ್ನಿನ ಪಕ್ಕದ ಪುಸ್ತಕ ನೋಡಿ, "ಇದ್ರಲ್ಲಿ ಏನೈತೆ ಅಂತ ಓದ್ತೀಯಾ?" ಎನ್ನುತ್ತಿದ್ದರು. ನನಗೆ ಹೊಡೆದಾಟ ಇಷ್ಟವಲ್ಲ. ಅದರ ಹಿಂದಿನ ಲೆಕ್ಕಾಚಾರ ಇಷ್ಟ. ಸೇತುವೆ ಮುರಿದರೆ ಹೇಸರಗತ್ತೆಗಳನ್ನು ಎಲ್ಲಿ ದಾಟಿಸುತ್ತಾರೆ, ಬೆಟ್ಟದ ಮೇಲಿರುವವರಿಗೆ ನೀರು ಯಾರು ಹೊರುತ್ತಾರೆ, ಒಬ್ಬ ಜನರಲ್ಲನ ಹಟಕ್ಕೆ ಎಷ್ಟು ಸಾವಿರ ಕಾಲುಗಳು ಸವೆಯುತ್ತವೆ. ಗೆದ್ದವರು ಯಾರೆಂದು ಮೊದಲೇ ಗೊತ್ತಿರುತ್ತದೆ. ಆದರೂ ಸೋಲುವವನು ಬೆಳಗ್ಗೆ ನಕ್ಷೆ ಬಿಡಿಸಿ ಕೂತಾಗ, ಈ ಸಲವಾದರೂ ಎಡಕ್ಕೆ ಹೋಗಪ್ಪ ಎಂದು ಮನಸ್ಸು ಕೂಗುತ್ತದೆ. ಊಟ ಮುಗಿಸಿ ಪಾತ್ರೆ ತೊಳೆದ ಮೇಲಿನ ಆ ಒಂದು ಗಂಟೆಯಲ್ಲಿ ನನ್ನನ್ನು ಯಾರೂ ಏನೂ ಕೇಳುತ್ತಿರಲಿಲ್ಲ.

ಸ್ಟ್ರೋಕ್ ಆದಾಗ ನಾನು ಎರಡನೇ ಮಹಾಯುದ್ಧದ ಪುಸ್ತಕವೊಂದರಲ್ಲಿ, ಬರ್ಮಾ ಗಡಿಯ ಯುದ್ಧದ ಮಧ್ಯದಲ್ಲಿದ್ದೆ. ಜಪಾನಿನ ಸೈನ್ಯ ಬೆಟ್ಟ ಇಳಿದು ಬರುತ್ತಿತ್ತು. ಮನೆಗೆ ಬಂದ ಮೇಲೆ ಆ ಪುಸ್ತಕ ತೆರೆದೆ. ನಕ್ಷೆಯಲ್ಲಿ ಹೊಳೆ ಕಂಡಿತು, ಬಾಣದ ಗುರುತು ಕಂಡಿತು. ಊರುಗಳ ಹೆಸರು ಮಾತ್ರ ಇರುವೆ ಸಾಲು. ಪುಸ್ತಕ ಎಸೆದೆ.

ಎತ್ತಿಕೊಂಡವರು ಅತ್ತೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವರು, ಮದುವೆ ಕಾರ್ಡು ಬಿಟ್ಟು ಏನೂ ಓದಿದವರಲ್ಲ. "ನಾನು ಓದ್ತೀನಿ, ಕೇಳು," ಎಂದು ನನ್ನ ಎಡಕ್ಕೆ ಕೂತರು.

ಅದು ಹಿಂಸೆಯಾಗಿತ್ತು. ಒಂದೊಂದೇ ಅಕ್ಷರ ಕೂಡಿಸಿ ಓದುವರು. ಬ್ರಿಗೇಡಿಯರ್ ಎನ್ನುವ ಪದಕ್ಕೆ ನಾಲ್ಕು ಸಲ ಎಡವಿ, "ಯಾರೋ ಒಬ್ಬ," ಎಂದು ಮುಂದೆ ಹೋಗುವರು. ನಾನು ಹಲ್ಲು ಕಚ್ಚಿ ಕೂರುತ್ತಿದ್ದೆ. ಒಂದು ದಿನ ಅವರ ಓದಿನಲ್ಲಿ ಹೊಳೆಯ ಆಚೆಗಿದ್ದ ದಂಡು ಇದ್ದಕ್ಕಿದ್ದಂತೆ ಈಚೆ ಬಂದುಬಿಟ್ಟಿತು.

"ಅತ್ತೆ, ಹೊಳೆ ದಾಟಿದ್ದು ಯಾವಾಗ?"

"ಅಲ್ಲಿ ಬರೀ ಹೆಣ ಕಣೇ. ನೀನು ಈಗ ತಾನೆ ಆಸ್ಪತ್ರೆಯಿಂದ ಬಂದಿದ್ದೀಯ. ಅದ್ಕೇ ಬುಟ್ಟೆ."

"ಎಲ್ಲಾ ಓದಿ. ಇಲ್ಲಾ ಓದ್ಲೇಬೇಡಿ."

ಅಷ್ಟು ಗಟ್ಟಿಯಾಗಿ ಅವರ ಮುಂದೆ ನಾನು ಎಂದೂ ಮಾತಾಡಿರಲಿಲ್ಲ. ಅವರು ಹಾಳೆ ಹಿಂದಕ್ಕೆ ಮಗುಚಿ ಹೆಣಗಳನ್ನು ಓದಿದರು. ಮುಗಿಸಿ ಕೇಳಿದರು. "ಇಷ್ಟು ಜನಾನ ಬೆಟ್ಟ ಹತ್ತಿಸ್ಕಂಡು ಬಂದವ್ನು ಅಕ್ಕಿಗೆ ಏನು ಮಾಡ್ಕಂಡಿದ್ದ?"

ನಾನು ಅವರ ಮುಖ ನೋಡಿದೆ. ಆ ಸೈನ್ಯ ಸೋತದ್ದು ಬಹುಮಟ್ಟಿಗೆ ಆ ಅಕ್ಕಿಯ ಲೆಕ್ಕದಲ್ಲೇ.

ತುಮಕೂರಿನ ಥೆರಪಿಸ್ಟ್ ಹುಡುಗಿ ನನಗೆ ಬೆರಳಿನಿಂದ ಓದಲು ಕಲಿಸುತ್ತಿದ್ದಾಳೆ. ಅಕ್ಷರದ ಗೆರೆಯನ್ನು ಅಂಗೈ ಮೇಲೆ ಬರೆದುಕೊಂಡರೆ, ಕಣ್ಣಿಗೆ ತಿಳಿಯದ್ದು ಕೈಗೆ ತಿಳಿಯುತ್ತದೆ. ಮೂರು ತಿಂಗಳಾಯಿತು. ಒಂದು ಸಾಲು ಓದುವಷ್ಟರಲ್ಲಿ ಈಗಲೂ ಒಂದು ಲೋಟ ಕಾಫಿ ಆರಿಹೋಗುತ್ತದೆ. ಸಾಲಿನ ಕೊನೆಗೆ ಬರುವಾಗ ಅದರ ಆರಂಭ ಮರೆತಿರುತ್ತದೆ. ಸಿಟ್ಟು ಬರುತ್ತದೆ, ಅಳು ಬರುತ್ತದೆ, ಮತ್ತೆ ಬೆರಳು ಇಡುತ್ತೇನೆ.

ಮೊನ್ನೆ ಥೆರಪಿ ಮುಗಿಸಿ ಬಂದಾಗ ಪುಸ್ತಕದಲ್ಲಿ ಗುರುತಿಗೆ ಇಡುವ ಅತ್ತೆಯ ಹೇರ್‌ಪಿನ್ ಮುಂದಿನ ಹಾಳೆಗಳಿಗೆ ಹೋಗಿತ್ತು.

"ನನ್ನ ಬಿಟ್ಟು ಓದಿದ್ರಾ?"

"ತಡೀಲಿಲ್ಲ ಕಣೇ. ಮಳೆ ಹಿಡ್ಕಂತು ಅವ್ರಿಗೆ. ಅದೂ—"

"ಹೇಳ್ಬೇಡಿ."

ಬೇರೆ ಪುಸ್ತಕಗಳಿಂದ ಮುಂದಿನದೆಲ್ಲ ನನಗೆ ಗೊತ್ತಿತ್ತು. ಆದರೂ ಹಾಗೆಂದೆ. ಅತ್ತೆ ನಗಲಿಲ್ಲ. ಪಿನ್ ತೆಗೆದು ಹತ್ತು ಹಾಳೆ ಹಿಂದಕ್ಕೆ ಹೋದರು. ಕನ್ನಡಕ ಸರಿಮಾಡಿಕೊಂಡು ಅಲ್ಲಿಂದ ಮತ್ತೆ ಶುರುಮಾಡಿದರು. ಎಲ್ಲೂ ತಡವರಿಸಲಿಲ್ಲ. ನನಗೆ ಹೊಟ್ಟೆಕಿಚ್ಚಾಯಿತು. ಕಣ್ಣು ಮುಚ್ಚಿ ಕೇಳುತ್ತಾ ಕೂತೆ.